ಎತ್ತರದ ಸೀಟಿಗೆ ಏರುವ ಮುನ್ನ

ನಮಸ್ಕಾರ.

ನಾನು ಮೊದಲ ಸಲ ಕೆಸರಿನಲ್ಲಿ ಹೂತುಕೊಂಡ ದಿನ ನನ್ನ ಕೈಲಿದ್ದದ್ದು ಫೋರ್ ವೀಲ್ ಡ್ರೈವ್ ಗಾಡಿ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವಂತೆ ಲಿವರ್ ಹಾಕಿಕೊಂಡೇ ಕೆಸರಿಗೆ ಇಳಿದಿದ್ದೆ. ಆದರೂ ಗಾಡಿ ಒಂದಿಂಚು ಕದಲಲಿಲ್ಲ. ಜೊತೆಯಲ್ಲಿದ್ದ ಗೆಳೆಯನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ಕೆಳಗಿಳಿದು, ದೂರ ನಿಂತು ನೋಡಿದೆ. ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಎರಡೂ ಗುಂಡಿಯ ಮೇಲೆ ಜೋತುಬಿದ್ದಿದ್ದವು. ಅವನು ಆಕ್ಸಿಲರೇಟರ್ ಒತ್ತಿದಾಗ ಆ ಎರಡು ಮಾತ್ರ ಗಿರಗಿರ ಸುತ್ತಿ ಕೆಸರು ಎರಚಿದವು. ಗಟ್ಟಿ ನೆಲದ ಮೇಲಿದ್ದ ಉಳಿದೆರಡು ಅಲ್ಲಾಡಲೇ ಇಲ್ಲ.

ಇದಕ್ಕೆ ಕಾರಣ ಡಿಫರೆನ್ಷಿಯಲ್ ಎಂಬ ಸಾಧನ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕೆ ಅನುವು ಮಾಡಿಕೊಡಲು ಎರಡು ಚಕ್ರಗಳ ನಡುವೆ ಈ ಗೇರುಗಳ ಗುಚ್ಛವನ್ನು ಇಟ್ಟಿರುತ್ತಾರೆ. ಟಾರು ರಸ್ತೆಯಲ್ಲಿ ಅದು ವರ. ಕೆಸರಿನಲ್ಲಿ ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ, ಹಿಡಿತವಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಹೀಗಾಗಿ ಮುಂದೊಂದು, ಹಿಂದೊಂದು ಚಕ್ರ ಗಾಳಿಯಲ್ಲಿ ತೇಲಿದರೆ ಫೋರ್ ವೀಲ್ ಡ್ರೈವ್ ಕೂಡ ಕೈಚೆಲ್ಲುತ್ತದೆ. ನಾವು ಆ ಎರಡು ಚಕ್ರಗಳ ಕೆಳಗೆ ಕಲ್ಲು ತುಂಬಿ, ಆಮೆಯ ವೇಗದಲ್ಲಿ ಹೊರಗೆ ಬಂದೆವು.

ಮೊದಲ ಕಾರಾಗಿ ಜೀಪಿನಂಥ ಗಟ್ಟಿಮುಟ್ಟಾದ ಗಾಡಿಯನ್ನೇ ಕೊಳ್ಳಲೇ ಎಂದು ಕೇಳುವವರಿಗೆಲ್ಲ ನಾನು ಈ ಸಂಗತಿಯನ್ನೇ ಮೊದಲು ಹೇಳುತ್ತೇನೆ. ಬೇಡ ಅನ್ನುವುದಕ್ಕೆ ಹೇಳುವುದಿಲ್ಲ. ಆ ಆಸೆ ನನಗೂ ಇತ್ತು, ಈಗಲೂ ಇದೆ. ಆದರೆ ಈ ಗಾಡಿಗಳು ಧೈರ್ಯವನ್ನು ಮೊದಲ ದಿನವೇ ಕೊಟ್ಟುಬಿಡುತ್ತವೆ, ಕೈ ಪಳಗುವುದಕ್ಕೆ ತಿಂಗಳುಗಳೇ ಬೇಕು. ಧೈರ್ಯ ಬಂದು, ಕೈ ಇನ್ನೂ ಪಳಗದ ಆ ನಡುಗಾಲದ ಬಗ್ಗೆಯೇ ನನ್ನ ಕಾಳಜಿಯೆಲ್ಲ.

ಈ ಗಾಡಿಗಳ ಹುಟ್ಟನ್ನು ನೋಡಿ. 1941ರಿಂದ ಯುದ್ಧಕಾಲದುದ್ದಕ್ಕೂ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದವು. ಅವುಗಳ ಎಂಜಿನ್ನಿನ ಶಕ್ತಿ ಸುಮಾರು 60 ಅಶ್ವಶಕ್ತಿ, ಅಷ್ಟೇ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ಲ್ಯಾಂಡ್ ರೋವರ್ ಹೊಲದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. 1970ರಲ್ಲಿ ಸುಜುಕಿ ತಂದ ಪುಟ್ಟ ಎಲ್‌ಜೆ 10 ಗಾಡಿಯ ಎಂಜಿನ್ 359 ಸಿಸಿ ಮಾತ್ರ, ಇಂದಿನ ಎಷ್ಟೋ ಬೈಕುಗಳಿಗಿಂತ ಚಿಕ್ಕದು. ದಾರಿಯಿಲ್ಲದ ಕಡೆ ನಿಧಾನವಾಗಿ, ನಿಲ್ಲದೆ ಸಾಗುವುದು ಈ ವಂಶದ ಗುಣ. ವೇಗ ಇವುಗಳಿಗೆ ಆಮೇಲೆ ಅಂಟಿಸಿದ್ದು. ಹೊಸದಾಗಿ ಕಲಿತವರು ಇದನ್ನು ಮರೆತು ಹೆದ್ದಾರಿಗೆ ಇಳಿದಾಗ ತೊಂದರೆ ಶುರುವಾಗುತ್ತದೆ.

ಎತ್ತರದ ಸೀಟಿನಲ್ಲಿ ಕೂತವರಿಗೆ ದೂರದವರೆಗೆ ರಸ್ತೆ ಕಾಣುತ್ತದೆ, ಅಕ್ಕಪಕ್ಕದ ಕಾರುಗಳು ಚಿಕ್ಕದಾಗಿ ಕಾಣುತ್ತವೆ. ನೆಲ ದೂರವಿರುವುದರಿಂದ, ಹೋಗುತ್ತಿರುವ ವೇಗವೂ ಕಡಿಮೆಯೆಂದೇ ಅನ್ನಿಸುತ್ತದೆ. 80ರಲ್ಲಿದ್ದರೂ 60ರಲ್ಲಿದ್ದ ಹಾಗೆ. ಆದರೆ ಬ್ರೇಕಿಗೆ ಆ ಭ್ರಮೆಯಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಗಾಡಿಯ ತೂಕ ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೆ ಬೇಗ ನಿಲ್ಲಬಹುದು ಎಂಬ ನಂಬಿಕೆಯನ್ನು ನಾನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ಅದು ಗಾಡಿಯನ್ನು ಹೊರಡಿಸುವುದಕ್ಕೆ ನೆರವಾಗುತ್ತದೆ, ನಿಲ್ಲಿಸುವುದಕ್ಕಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಒದ್ದೆ ರಸ್ತೆಯಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಟೈರಿನ ರಬ್ಬರು.

ಇನ್ನು ಮಗುಚುವ ವಿಷಯ. ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗಾಡಿಯ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಇದನ್ನೇ ಆಧಾರವಾಗಿಟ್ಟುಕೊಂಡು ಗಾಡಿಗಳ ಮಗುಚುವ ಸಾಧ್ಯತೆಯನ್ನು ಅಳೆಯುತ್ತದೆ. ಸಾಧಾರಣ ಕಾರುಗಳಲ್ಲಿ ಈ ಅಂಕಿ ಹೆಚ್ಚಾಗಿ 1.3ರಿಂದ 1.5ರವರೆಗೆ, ಎತ್ತರದ ಗಾಡಿಗಳಲ್ಲಿ 1ರಿಂದ 1.3ರವರೆಗೆ. ಅಂಕಿ ಇಳಿದಷ್ಟೂ ಅಪಾಯ ಏರುತ್ತದೆ. ಆದರೆ ಗಾಡಿ ನಡುರಸ್ತೆಯಲ್ಲಿ ತಾನಾಗಿಯೇ ಮಗುಚುವುದು ಅಪರೂಪ. ಸಾಮಾನ್ಯವಾಗಿ ಒಂದು ಬದಿಯ ಚಕ್ರಗಳು ಟಾರಿನ ಅಂಚು ಇಳಿದು ಮೆತ್ತನೆ ಮಣ್ಣಿಗೆ ಬೀಳುತ್ತವೆ, ಗಾಬರಿಯಾದ ಚಾಲಕ ಸ್ಟಿಯರಿಂಗನ್ನು ಸರ್ರನೆ ಎಳೆಯುತ್ತಾನೆ, ಗಾಡಿ ಅಡ್ಡಕ್ಕೆ ಜಾರುತ್ತದೆ, ಚಕ್ರ ಮಣ್ಣಿಗೋ ಕಲ್ಲಂಚಿಗೋ ಎಡವುತ್ತದೆ. ಹಾಗೆ ಅಂಚು ಇಳಿದಾಗ ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಪೂರ್ತಿ ಇಳಿದ ಮೇಲೆ ಮೆಲ್ಲಗೆ ರಸ್ತೆಗೆ ಹತ್ತಬೇಕು. ಇದನ್ನು ಖಾಲಿ ಜಾಗದಲ್ಲಿ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡಿಗೆಯ ವೇಗದಲ್ಲಿ ಹತ್ತು ಸಲವಾದರೂ ಮಾಡಿ ನೋಡಿ.

ಆದ್ದರಿಂದ ಕೊಳ್ಳುವಾಗ ನಾನು ಬಿಟ್ಟುಕೊಡದ ಒಂದು ಸೌಲಭ್ಯವಿದೆ: ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಗಾಡಿ ನೀವು ತಿರುಗಿಸಿದ ದಿಕ್ಕನ್ನು ಬಿಟ್ಟು ಜಾರತೊಡಗಿದರೆ, ಅದು ಯಾವ ಚಕ್ರಕ್ಕೆ ಬೇಕೋ ಆ ಒಂದಕ್ಕೆ ಮಾತ್ರ ಬ್ರೇಕು ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಹಳೆಯ ಗಾಡಿಗಳ ಚೆಲುವು ನನಗೆ ಗೊತ್ತು. ಚೌಕಾಕಾರದ ಮೂತಿ, ದುಂಡು ದೀಪ, ತಗಡಿನ ಬಾಗಿಲು ಎಲ್ಲವೂ ಮನಸ್ಸು ಕದಿಯುತ್ತವೆ. ಆದರೂ ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ಏರ್‌ಬ್ಯಾಗ್ ಆಗಲಿ ಇಲ್ಲದ ಹಳೆಯ ಗಾಡಿ ಎರಡನೆಯ ಕಾರಾಗಿ ಬರಲಿ. ಕಲಿಯುವ ವರ್ಷಕ್ಕೆ ಅದು ಬೇಡ.

ಲಿವರಿನ ವಿಷಯವನ್ನೂ ಹೇಳಬೇಕು. ಬಹಳಷ್ಟು ಗಾಡಿಗಳಲ್ಲಿ ಟು ಎಚ್, ಫೋರ್ ಎಚ್, ಫೋರ್ ಎಲ್ ಎಂದು ಬರೆದಿರುತ್ತದೆ: ಎರಡೇ ಚಕ್ರಕ್ಕೆ ಶಕ್ತಿ, ನಾಲ್ಕಕ್ಕೂ ಶಕ್ತಿ, ನಾಲ್ಕಕ್ಕೂ ನಿಧಾನ ಗೇರಿನಲ್ಲಿ ಶಕ್ತಿ. ಇವು ಪಾರ್ಟ್ ಟೈಮ್ ಜಾತಿಯವು, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವಂಥವು. ಫೋರ್ ಎಚ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಲ್ಲ? ಕೆಸರಿನಲ್ಲಾದರೆ ಟೈರು ಕೊಂಚ ಜಾರಿ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲಾಗದೆ ಆ ಸೆಣಸಾಟವೆಲ್ಲ ಗೇರುಗಳೊಳಗೆ ಸುತ್ತಿಕೊಳ್ಳುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಗಾಡಿ ಮುಗ್ಗರಿಸಿದ ಹಾಗಾಗುತ್ತದೆ, ಹಾಗೇ ಓಡಿಸುತ್ತಿದ್ದರೆ ಭಾಗಗಳು ಮುರಿಯುತ್ತವೆ. ಒಣ ರಸ್ತೆಗೆ ಟು ಎಚ್ ಸಾಕು. ಮಧ್ಯದಲ್ಲಿ ಇನ್ನೊಂದು ಡಿಫರೆನ್ಷಿಯಲ್ ಇಟ್ಟು ಸದಾಕಾಲ ನಾಲ್ಕೂ ಚಕ್ರ ತಿರುಗಿಸುವ ಗಾಡಿಗಳೂ ಇವೆ. 1977ರ ಲಾಡಾ ನಿವಾ ಅಂಥದ್ದು. ನೀವು ನೋಡುತ್ತಿರುವುದು ಯಾವ ಜಾತಿ ಎಂದು ಮಾರುವವರನ್ನು ಕೇಳಿ. ಅವರ ಉತ್ತರ ತಡವರಿಸಿದರೆ ಗಾಡಿಯ ಕೈಪಿಡಿ ತೆರೆದು ಓದಿ.

ಫೋರ್ ಎಲ್ ಎಂಬ ಲೋ ರೇಂಜ್ ಮಾತ್ರ ಹೊಸಬರಿಗೆ ಸಿಗುವ ಅತ್ಯುತ್ತಮ ಗುರು. ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಗಾಡಿಯಲ್ಲಿ ಈ ಗೇರು ವೇಗವನ್ನು ಕಾಲು ಭಾಗಕ್ಕೆ ಇಳಿಸಿ ತಿರುಚುಬಲವನ್ನು ನಾಲ್ಕು ಪಟ್ಟು ಮಾಡುತ್ತದೆ. ಕಡಿದಾದ ಇಳಿಜಾರಿನಲ್ಲಿ ಲೋ ರೇಂಜಿನ ಮೊದಲ ಗೇರು ಹಾಕಿ ಕ್ಲಚ್ಚಿನಿಂದ ಕಾಲು ತೆಗೆದರೆ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಇಳಿಸುತ್ತದೆ. ಮೊದಲ ಸಲ ಹಾಗೆ ಇಳಿದಾಗ ನನ್ನ ಅಂಗೈ ಬೆವೆತಿತ್ತು, ಕೆಳಗೆ ತಲುಪಿದಾಗ ಆದ ಸಂತೋಷ ಇವತ್ತಿಗೂ ಹಸಿರಾಗಿದೆ. ನೀವು ನಿಜಕ್ಕೂ ಹಾದಿ ಬಿಟ್ಟು ಹೋಗುವವರಾದರೆ ಲೋ ರೇಂಜ್ ಇಲ್ಲದ ಗಾಡಿ ಕೊಳ್ಳಬೇಡಿ. ವರ್ಷಕ್ಕೊಮ್ಮೆ ಮಣ್ಣಿನ ರಸ್ತೆ ನೋಡುವವರಾದರೆ ಒಳ್ಳೆಯ ಟೈರು ಹಾಕಿದ, ಕೊಂಚ ಎತ್ತರದ ಸಾಮಾನ್ಯ ಕಾರೇ ಆ ಕೆಲಸವನ್ನು ಕಡಿಮೆ ಇಂಧನದಲ್ಲಿ ಮುಗಿಸುತ್ತದೆ.

ಏಣಿಯಂಥ ಚಾಸಿಯ ಮೇಲೆ ದೇಹ ಕೂರಿಸಿದ ಲ್ಯಾಡರ್ ಫ್ರೇಮೋ, ದೇಹವೂ ಚೌಕಟ್ಟೂ ಒಂದೇ ಆಗಿರುವ ಮೊನೊಕಾಕೋ ಎಂಬ ವಾದಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಏಣಿಯಾಕಾರದ ಚಾಸಿ ತಿರುಚಾಟವನ್ನು ಚೆನ್ನಾಗಿ ತಾಳುತ್ತದೆ, ದುರಸ್ತಿಗೂ ಸುಲಭ. ಆದರೆ ನಿವಾ ಮೊನೊಕಾಕ್ ಗಾಡಿಯೇ, 2020ರಲ್ಲಿ ಬಂದ ಲ್ಯಾಂಡ್ ರೋವರ್‌ನ ಹೊಸ ಡಿಫೆಂಡರ್ ಕೂಡ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಗ್ರೌಂಡ್ ಕ್ಲಿಯರೆನ್ಸ್ ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ, ಮುಂದಿನ ಬಂಪರು ಏರಿಗೆ ತಾಗದೆ ಹತ್ತುವ ಕೋನ, ಇಳಿದ ಮೇಲೆ ಹಿಂಭಾಗ ನೆಲ ಕೆರೆಯದ ಕೋನ. ಸುಜುಕಿ ಜಿಮ್ನಿಯಂಥ ಚಿಕ್ಕ ಗಾಡಿ ದೊಡ್ಡದೊಡ್ಡ ಗಾಡಿಗಳು ಹೊಟ್ಟೆ ತಗುಲಿಸಿಕೊಳ್ಳುವ ದಿಬ್ಬವನ್ನು ದಾಟುವುದು ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆಯಿದ್ದು, ಹೊಟ್ಟೆ ನೆಲದಿಂದ ಎತ್ತರದಲ್ಲಿರುವುದರಿಂದ. ಮೊದಲ ಗಾಡಿ ಚಿಕ್ಕದಾಗಿರಲಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಅದರ ನಾಲ್ಕು ಮೂಲೆಗಳು ಎಲ್ಲಿವೆ ಎಂಬುದು ಬೇಗ ಅಂದಾಜಿಗೆ ಸಿಗುತ್ತದೆ.

ನೀರಿನ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಆ ಡಿಫೆಂಡರ್ 900 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ತಯಾರಕರು ಹೇಳುತ್ತಾರೆ. ಆ ಅಂಕಿಯನ್ನು ಪ್ರವಾಹಕ್ಕೆ ಅನ್ವಯಿಸಬೇಡಿ. ರಭಸವಾಗಿ ಹರಿಯುವ ನೀರು 60 ಸೆಂಟಿಮೀಟರ್ ಇದ್ದರೆ ಸಾಕು, ಇಂಥ ದೊಡ್ಡ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹರಿಯುವ ನೀರಿಗೆ ನಡೆದು ಇಳಿಯಲು ನಿಮಗೆ ಭಯವಾಗುತ್ತದೆಯೇ? ಹಾಗಾದರೆ ಗಾಡಿಯನ್ನೂ ಇಳಿಸಬೇಡಿ, ವಾಪಸು ತಿರುಗಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ನೋಡುವ ಮೊದಲು ಅಂಗಾತ ಮಲಗಿ ಗಾಡಿಯ ಹೊಟ್ಟೆ ನೋಡಬೇಕು. ಚಾಸಿಯ ತುಕ್ಕು, ಕಲ್ಲು ತಾಗಿದ ತಗ್ಗು, ಬಾಗಿದ ರಾಡು ಅಲ್ಲಿ ಅಡಗಿರುತ್ತವೆ. ಡಿಫರೆನ್ಷಿಯಲ್‌ನ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಲೋ ರೇಂಜ್ ನಿಜವಾಗಿ ಬೀಳುತ್ತದೆಯೇ ಎಂದು ಮಣ್ಣಿನ ನೆಲದಲ್ಲಿ ಹಾಕಿ ನೋಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಲಿವರುಗಳು ಜಡ್ಡುಗಟ್ಟಿರುತ್ತವೆ. ಹಿಂದಿನವರು ಗಾಡಿಯನ್ನು ಇನ್ನಷ್ಟು ಎತ್ತರಿಸಿ ದೈತ್ಯ ಟೈರು ಹಾಕಿಸಿದ್ದರೆ, ಆ ಗಾಡಿ ನಿಮ್ಮ ಮೊದಲ ಕಾರಾಗುವುದು ಬೇಡ. ಗುರುತ್ವ ಕೇಂದ್ರ ಮೇಲೇರಿರುತ್ತದೆ, ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತಿರುತ್ತದೆ.

ಕೊನೆಗೆ, ಓಡಿಸಿ ನೋಡುವ ದಿನದ ಮಾತು. ಎಲ್ಲರೂ ಸ್ಟಿಯರಿಂಗ್ ಮುಂದೆ ಕೂತು ಒಂದು ಸುತ್ತು ಹೋಗಿ ಬರುತ್ತಾರೆ. ನೀವು ಎರಡನೆಯ ಸುತ್ತನ್ನೂ ಕೇಳಿ ಪಡೆಯಿರಿ. ಹೊರಡುವ ಮುನ್ನ ಗಾಡಿಯ ಹಿಂದೆ ಒಂದು ಮಗುವಿನ ಎತ್ತರದ ವಸ್ತು ಇಟ್ಟು, ಸೀಟಿನಲ್ಲಿ ಕೂತು, ಕನ್ನಡಿಗಳಲ್ಲಿ ಅದು ಕಾಣುತ್ತದೆಯೇ ನೋಡಿ. ಹಿಂಬಾಗಿಲಿಗೆ ಜೋಡಿಸಿದ ಸ್ಟೆಪ್ನಿ ಎಷ್ಟು ನೋಟವನ್ನು ಮುಚ್ಚುತ್ತದೆ ಎಂದು ಆಗ ತಿಳಿಯುತ್ತದೆ. ಆಮೇಲೆ ಓಡಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ನೀವು ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. ನೀವು ದಿನವೂ ಹೋಗುವ ರಸ್ತೆಯಲ್ಲೇ, ಅರ್ಧ ಗಂಟೆ. ಉದ್ದ ಕಡಿಮೆಯಿರುವ ಗಾಡಿಯ ಎಗರಾಟ, ಗಾಳಿಯ ಸದ್ದು, ಟೈರಿನ ಗುಂಯ್‌ಗುಟ್ಟುವಿಕೆ ಎಲ್ಲ ಅಲ್ಲಿ ಗೊತ್ತಾಗುತ್ತದೆ. ನಿಮ್ಮ ಮನೆಯವರು ಇನ್ನು ಮುಂದೆ ಕೂರಬೇಕಾದ ಜಾಗ ಅದು. ಇಳಿದ ಮೇಲೆಯೂ ಆ ಗಾಡಿಯೇ ಬೇಕು ಅನ್ನಿಸಿದರೆ, ಸಂತೋಷವಾಗಿ ಕೊಳ್ಳಿ.

ನಮಸ್ಕಾರ.