ವೈನ್ ರುಚಿ ನೋಡಿ ಎಂದಾಗ ಪರೀಕ್ಷೆ ಯಾರಿಗೆ?

(ದೃಶ್ಯ: ಮೇಜಿನ ಮೇಲೆ ಖಾಲಿ ವೈನ್ ಗ್ಲಾಸ್. ಪಕ್ಕದಲ್ಲಿ ಸುಲಿದ ತೆಂಗಿನಕಾಯಿ.)

ನಮಸ್ಕಾರ. ಈ ತೆಂಗಿನಕಾಯಿ ಇಲ್ಲಿ ಏಕೆ ಕುಳಿತಿದೆ ಎಂದು ಈಗಲೇ ಕೇಳಬೇಡಿ. ಅದರ ಸರದಿ ಬರುತ್ತದೆ.

ನನ್ನ ತಂಗಿಗೆ ಮೊದಲ ಸಂಬಳ ಬಂದಾಗ ನನ್ನನ್ನು ಬೆಂಗಳೂರಿನ ಒಂದು ಭಾರಿ ಹೋಟೆಲಿಗೆ ಕರೆದುಕೊಂಡು ಹೋದಳು. ತಟ್ಟೆ ಮೊರದಷ್ಟು, ಅದರ ನಡುವೆ ತಿನಿಸು ಅಡಿಕೆಯಷ್ಟು, ಆ ಬಗೆಯ ಹೋಟೆಲು. ಒಂದು ಫ್ರೆಂಚ್ ವೈನ್ ಆರಿಸಿದೆವು. ಆರಿಸಿದೆವು ಎಂದರೆ, ಪಟ್ಟಿಯ ಬೆಲೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ, ತೀರಾ ಅಗ್ಗದ್ದು ಎಂದರೆ ಮರ್ಯಾದೆ ಹೋಗುತ್ತದೆಂದು ಎರಡನೆಯದರ ಮೇಲೆ ಬೆರಳಿಟ್ಟೆವು. ಕಪ್ಪು ಕೋಟಿನವರೊಬ್ಬರು ಬಂದರು. ಬಾಟಲಿ ತೋರಿಸಿದರು, ಬಿರಡೆ ತೆಗೆದರು, ನನ್ನ ಗ್ಲಾಸಿಗೆ ಎರಡು ಚಮಚದಷ್ಟು ಸುರಿದು ಕೈ ಹಿಂದೆ ಕಟ್ಟಿಕೊಂಡು ನಿಂತರು.

ಸಿನಿಮಾದಲ್ಲಿ ನೋಡಿದಂತೆ ಗ್ಲಾಸ್ ತಿರುಗಿಸಿ ಮೂಸಿದೆ. ಮಳೆಗಾಲದಲ್ಲಿ ಮೂಲೆಗೆ ಬಿದ್ದ ಗೋಣಿಚೀಲದ ವಾಸನೆ. ಒಂದು ಗುಟುಕು ಕುಡಿದೆ. ರಟ್ಟು ನೆನೆಸಿದ ನೀರು. ತಲೆ ಎತ್ತಿ, ಮುಗುಳ್ನಕ್ಕು, "ತುಂಬಾ ಚೆನ್ನಾಗಿದೆ" ಎಂದೆ.

ಅವರು ಸುರಿದರು. ನಾವು ಕುಡಿದೆವು. ತಂಗಿ ದುಡ್ಡು ಕೊಟ್ಟಳು.

ಹೋದ ವಿಡಿಯೋ ನೋಡಿದ ಧಾರವಾಡದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ: "ಹಾಗೆ ಸ್ವಲ್ಪ ಸುರಿದು ಕೊಟ್ಟಾಗ, ರುಚಿ ಹಿಡಿಸದಿದ್ದರೆ ಬೇಡ ಎನ್ನಬಹುದೇ?" ಇದನ್ನು ಓದಿದ ಕೂಡಲೇ ಆ ಗೋಣಿಚೀಲ ನೆನಪಾಯಿತು. ಇವತ್ತಿನ ವಿಡಿಯೋ ಇದೊಂದೇ ಪ್ರಶ್ನೆಯ ಬೆನ್ನು ಹತ್ತಿದ್ದು. ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಸಾಲು ಕೆಳಗೆ ಓಡುತ್ತಲೇ ಇರುತ್ತದೆ, ಅದು ನಿಜವೂ ಹೌದು.

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ವೈನ್ ಎಂದರೆ ಹುದುಗಿಸಿದ ದ್ರಾಕ್ಷಿ ರಸ. ಕೆಂಪು, ಬಿಳಿ, ಗುಲಾಬಿ, ನೊರೆ ಬರುವುದು. ಹೋಟೆಲಿನಲ್ಲಿ ಅದರ ಉಸ್ತುವಾರಿ ನೋಡಿಕೊಳ್ಳುವವರು ಸೊಮೆಲಿಯೇ. ಅಷ್ಟು ಸಾಕು.

ಈಗ ಉತ್ತರ. ರುಚಿ ಹಿಡಿಸಲಿಲ್ಲ ಎಂಬುದು ಬಾಟಲಿ ವಾಪಸ್ ಕಳಿಸಲು ಕಾರಣವಲ್ಲ. ಆ ಎರಡು ಚಮಚ ಸುರಿಯುವುದು ನಿಮ್ಮ ಮೆಚ್ಚುಗೆ ಕೇಳುವುದಕ್ಕಲ್ಲ. ನಿಮ್ಮ ಜ್ಞಾನ ಅಳೆಯುವುದಕ್ಕಂತೂ ಖಂಡಿತ ಅಲ್ಲ. ಬಾಟಲಿ ಕೆಟ್ಟಿದೆಯೇ ಎಂದು ನೋಡುವುದಕ್ಕೆ. ಕೆಟ್ಟಿದ್ದರೆ ಬದಲಿಸಿ ಕೊಡುತ್ತಾರೆ, ಅದೇ ವೈನಿನ ಇನ್ನೊಂದು ಬಾಟಲಿ ತರುತ್ತಾರೆ.

(ತೆಂಗಿನಕಾಯಿ ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುವುದು.)

ಬಂತು ನೋಡಿ ಸರದಿ. ಅಂಗಡಿಯಲ್ಲಿ ಕಾಯಿ ಆರಿಸುವಾಗ ಏನು ಮಾಡುತ್ತೇವೆ? ಅಲ್ಲಾಡಿಸುತ್ತೇವೆ, ಬೆರಳಿನಿಂದ ಬಡಿಯುತ್ತೇವೆ, ನೀರಿನ ಸದ್ದು ಕೇಳುತ್ತೇವೆ. ಇಷ್ಟೆಲ್ಲ ಮಾಡಿದರೂ ಒಳಗಿನ ಸುದ್ದಿ ಒಡೆದ ಮೇಲೆಯೇ. ಒಡೆದಾಗ ಕೊಳೆತಿದ್ದರೆ ಎರಡು ಹೋಳನ್ನೂ ಹಿಡಿದುಕೊಂಡು ಅಂಗಡಿಗೆ ನಡೆಯುತ್ತೇವೆ. ಅಂಗಡಿಯವರು ಮೂಸಿ ನೋಡಿ, ಗೊಣಗಿಕೊಂಡಾದರೂ ಬೇರೆ ಕಾಯಿ ಕೊಡುತ್ತಾರೆ. ಅಲ್ಲಿ ಯಾರೂ ನಿಮ್ಮನ್ನು "ತೆಂಗಿನ ಬಗ್ಗೆ ತಮಗೆ ಎಷ್ಟು ತಿಳಿದಿದೆ?" ಎಂದು ಕೇಳುವುದಿಲ್ಲ. ತುರಿದು ಚಟ್ನಿ ಮಾಡಿ ತಿಂದು, "ಈ ತಳಿಯ ಸೊಗಡೇ ಹೀಗಿರಬೇಕು" ಎಂದು ನಾವು ತಲೆಯಾಡಿಸುವುದೂ ಇಲ್ಲ. ವೈನ್ ಬಾಟಲಿಯೂ ಹಾಗೆಯೇ, ಮುಚ್ಚಿದ ಕಾಯಿ. ನಾನು ಆ ದಿನ ಕೊಳೆತ ಕಾಯಿಗೆ ಭೇಷ್ ಎಂದು ಬಂದೆ.

ಹಾಗಾದರೆ ಕೆಡಿಸಿದ್ದು ಯಾವುದು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ವಿಡಿಯೋ ಮಾಡಿದ್ದೇ ಈ ಭಾಗಕ್ಕಾಗಿ. ನಮ್ಮ ಕ್ಯಾಮೆರಾ ಹಿಡಿದವರು ಈಗಾಗಲೇ ಗಡಿಯಾರ ನೋಡುತ್ತಿದ್ದಾರೆ, ನೋಡಲಿ.

ಬಾಟಲಿಯ ಬಿರಡೆ ಮರದ ತೊಗಟೆ. ಕಾರ್ಕ್ ಓಕ್ ಎಂಬ ಮರ, ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಮರ ಕಡಿಯುವುದಿಲ್ಲ, ತೊಗಟೆಯನ್ನಷ್ಟೇ ಕೊಡಲಿಯಿಂದ ಹಾಳೆಹಾಳೆಯಾಗಿ ಎಬ್ಬಿಸುತ್ತಾರೆ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷವಾಗಬೇಕು. ಆಮೇಲೆ 9 ವರ್ಷಕ್ಕೊಮ್ಮೆ. ಮೊದಲ ಎರಡು ಸುಲಿತದ ತೊಗಟೆ ಒರಟು, ಬಾಟಲಿಗೆ ಬರುವುದಿಲ್ಲ. ಮೂರನೆಯದು ಬರುತ್ತದೆ. ಲೆಕ್ಕ ಹಾಕಿ: 25, ಅದಕ್ಕೆ 9, ಇನ್ನೊಂದು 9. ಸಸಿ ನೆಟ್ಟ 43 ವರ್ಷಕ್ಕೆ ಒಂದು ಬಿರಡೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಬೋಳು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ಕಾಂಡದ ಮೇಲೆ 5 ಎಂದಿದ್ದರೆ 2025ರಲ್ಲಿ ಸುಲಿದದ್ದು, ಮತ್ತೆ ಕೈ ಹಚ್ಚುವುದು 2034ಕ್ಕೆ. ನಮ್ಮ ಅಡಿಕೆ ತೋಟದವರಿಗೂ ಇಷ್ಟು ತಾಳ್ಮೆ ಇಲ್ಲ.

ಈ ತೊಗಟೆಯಲ್ಲಿ ಕಣ್ಣಿಗೆ ಕಾಣದ ಬೂಷ್ಟು ಇರುತ್ತದೆ. ಅದಕ್ಕೆ ಕ್ಲೋರಿನ್ ಬೆರೆತ ಫಿನಾಲ್ ರಾಸಾಯನಿಕಗಳು ಸಿಕ್ಕರೆ ಪ್ರಾಣಸಂಕಟ, ಅವು ಬೂಷ್ಟಿಗೆ ವಿಷ. ಹಾಗಾಗಿ ಬೂಷ್ಟು ಆ ವಿಷವನ್ನು ತನಗೆ ತೊಂದರೆ ಕೊಡದ ಇನ್ನೊಂದು ವಸ್ತುವಾಗಿ ಮಾರ್ಪಡಿಸಿ ಹೊರಹಾಕುತ್ತದೆ. ಅದರ ಹೆಸರು ಟ್ರೈಕ್ಲೋರೋಅನಿಸೋಲ್, ಚಿಕ್ಕದಾಗಿ ಟಿಸಿಎ. ಬೂಷ್ಟು ಬದುಕಿಕೊಂಡಿತು, ನನ್ನ ತಂಗಿಯ ಸಂಬಳ ಹೋಯಿತು. ಹಿಂದೆ ಬಿರಡೆಗಳನ್ನು ಬೆಳ್ಳಗೆ ಮಾಡಲು ಕ್ಲೋರಿನ್ನಿನಲ್ಲಿಯೇ ತೊಳೆಯುತ್ತಿದ್ದರು. ಕಾಯಿಲೆಯ ಬೇರಿಗೆ ತಾವೇ ನೀರು ಹಾಕಿದಂತೆ. ಈಗ ಆ ಪದ್ಧತಿ ಬಿಟ್ಟಿದ್ದಾರೆ, ತೊಂದರೆ ಬಹಳ ಇಳಿದಿದೆ, ಪೂರ್ತಿ ಹೋಗಿಲ್ಲ.

ಎಷ್ಟು ಟಿಸಿಎ ಇದ್ದರೆ ಮೂಗಿಗೆ ತಿಳಿಯುತ್ತದೆ? ಲೀಟರಿಗೆ ಸುಮಾರು 5 ನ್ಯಾನೊಗ್ರಾಂ. ಚುರುಕು ಮೂಗಿನವರಿಗೆ ಇನ್ನೂ ಕಡಿಮೆ ಸಾಕು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಇದು ನನ್ನ ತಲೆಗೆ ಹತ್ತಲಿಲ್ಲ. ವಿದೇಶಿ ವಿಡಿಯೋಗಳಲ್ಲಿ ಇಂಥದ್ದಕ್ಕೆ ಒಲಿಂಪಿಕ್ ಈಜುಕೊಳದ ಲೆಕ್ಕ ಕೊಡುತ್ತಾರೆ. ನಮ್ಮಲ್ಲಿ ಎಷ್ಟು ಜನ ಒಲಿಂಪಿಕ್ ಈಜುಕೊಳ ನೋಡಿದ್ದೇವೆ? ಆದರೆ ಬೇಸಿಗೆ ಬಂತೆಂದರೆ ಊಟಕ್ಕೆ ಕುಳಿತಾಗಲೂ ಟಿಎಂಸಿಯ ಮಾತಾಡುವ ಜನ ನಾವು. ಕಾವೇರಿಯ ಲೆಕ್ಕದಲ್ಲಿಯೇ ಹೇಳುತ್ತೇನೆ.

(ದೃಶ್ಯ: ತುಂಬಿದ ಕೆಆರ್‌ಎಸ್ ಅಣೆಕಟ್ಟು.)

ಕೃಷ್ಣರಾಜಸಾಗರ ತುಂಬಿದಾಗ ನೀರಿನ ಮಟ್ಟ 124.8 ಅಡಿ, ಸಂಗ್ರಹ 49.45 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಒಟ್ಟು ಸುಮಾರು 1.4 ಲಕ್ಷ ಕೋಟಿ ಲೀಟರ್. ಅಣೆಕಟ್ಟಿನ ತುಂಬ ನೀರಿನ ಬದಲು ವೈನ್ ಇದೆ ಎಂದುಕೊಳ್ಳಿ. ಮಂಡ್ಯದವರು ಕ್ಷಮಿಸಬೇಕು, ಬರೀ ಲೆಕ್ಕಕ್ಕೆ. ಅಷ್ಟೂ ವೈನ್ ಮುಗ್ಗಲು ವಾಸನೆ ಹೊಡೆಯಲು ಎಷ್ಟು ಟಿಸಿಎ ಬೇಕು? ಏಳು ಕಿಲೋ. ಒಬ್ಬರು ಎರಡು ಕೈಚೀಲಗಳಲ್ಲಿ ಹೊತ್ತು ತರುವಷ್ಟು. ನಾನು ಈ ಗುಣಾಕಾರವನ್ನು ನಾಲ್ಕು ಸಲ ಮಾಡಿದೆ. ಸೊನ್ನೆ ತಪ್ಪಿದ್ದೇನೆಂದು ತಂಗಿಯ ಕೈಯಲ್ಲೂ ಮಾಡಿಸಿದೆ. ಏಳೇ ಬಂತು.

ಅಷ್ಟು ಸೂಕ್ಷ್ಮವಾದದ್ದನ್ನು ಹಿಡಿಯುವ ಯಂತ್ರ ನಿಮ್ಮ ಮುಖದ ನಡುವೆ ಪುಕ್ಕಟೆಯಾಗಿ ಇದೆ. ನಾನದನ್ನು ನಂಬದೆ ಕೋಟಿನವರ ಮುಖ ನೋಡಿದೆ.

ಮುಗ್ಗಲು ಎಂದೆನಲ್ಲ, ಆ ಮಾತನ್ನು ಸುಮ್ಮನೆ ಬಳಸಲಿಲ್ಲ. ವೈನ್ ಪುಸ್ತಕಗಳಲ್ಲಿ ಈ ದೋಷವನ್ನು ವರ್ಣಿಸಲು ನೆನೆದ ಪತ್ರಿಕೆ, ನೆಲಮಾಳಿಗೆ, ಒದ್ದೆ ನಾಯಿ ಎಂದೆಲ್ಲ ಹೋಲಿಕೆ ಹುಡುಕುತ್ತಾರೆ. ಕನ್ನಡದಲ್ಲಿ ಒಂದೇ ಪದ ಸಾಕು. ಮುಗ್ಗಿದ ಅಕ್ಕಿ, ಮುಗ್ಗಿದ ಹಿಟ್ಟು. ಆಷಾಢದಲ್ಲಿ ಪೆಟ್ಟಿಗೆಯಿಂದ ತೆಗೆದ ಕಂಬಳಿ. ಮಲೆನಾಡು, ಕೊಡಗು, ಕರಾವಳಿಯಲ್ಲಿ ಬೆಳೆದವರಿಗೆ ವರ್ಷಕ್ಕೆ ನಾಲ್ಕು ತಿಂಗಳು ಇದರ ತರಬೇತಿ ನಡೆದೇ ಇರುತ್ತದೆ. ಕಾಫಿ ಸೀಮೆಯವರಿಗೆ ಇನ್ನೂ ಒಂದು ನೆಂಟಸ್ತಿಕೆ: ಬ್ರೆಜಿಲ್ ಕಾಫಿಯಲ್ಲಿ ಔಷಧಿಯಂತೆ ನಾರುವ 'ರಿಯೋ' ಎಂಬ ದೋಷಕ್ಕೆ ಮುಖ್ಯ ಕಾರಣ ಇದೇ ಟಿಸಿಎ.

ಇನ್ನೂ ಒಂದು ವಿಚಿತ್ರವಿದೆ. 2013ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು ನ್ಯೂಟ್ ಎಂಬ ಹಲ್ಲಿಯಂತಹ ಉಭಯವಾಸಿಯ ಮೂಗಿನ ಜೀವಕೋಶಗಳ ಮೇಲೆ ಟಿಸಿಎ ಪರೀಕ್ಷಿಸಿದರು. ವಾಸನೆಯ ಸುದ್ದಿ ಸಾಗಿಸುವ ಬಾಗಿಲುಗಳನ್ನೇ ಅದು ಮುಚ್ಚುತ್ತಿತ್ತು, ಅದೂ ತೀರಾ ಕಡಿಮೆ ಪ್ರಮಾಣದಲ್ಲಿ. ಮದುವೆ ಮನೆಯಲ್ಲಿ ಗಟ್ಟಿಮೇಳ ಬಾರಿಸಿ ಬೇರೆ ಸದ್ದನ್ನೆಲ್ಲ ಮುಳುಗಿಸುವುದು ಒಂದು ಬಗೆ, ಕೇಳುವವರ ಕಿವಿಗೇ ಹತ್ತಿ ತುರುಕುವುದು ಇನ್ನೊಂದು ಬಗೆ. ಟಿಸಿಎ ಎರಡನ್ನೂ ಮಾಡಬಲ್ಲದು. ಹಾಗಾಗಿಯೇ ಕೆಲವು ಸಲ ಮುಗ್ಗಲು ಎದ್ದು ಕಾಣುವುದಿಲ್ಲ, ವೈನಿನ ಹಣ್ಣಿನ ಘಮ ಮಾತ್ರ ಮಾಯವಾಗಿ ಎಲ್ಲವೂ ಸಪ್ಪೆಯಾಗಿರುತ್ತದೆ. ಕುಡಿದವರು "ಈ ಕಂಪನಿಯ ವೈನೇ ಇಷ್ಟು" ಎಂದುಕೊಂಡು ಹೋಗುತ್ತಾರೆ. ಪಾಪ, ಕಂಪನಿಯವರಿಗೆ ತಾವು ಕಳೆದುಕೊಂಡ ಗಿರಾಕಿ ಯಾರೆಂದೂ ತಿಳಿಯುವುದಿಲ್ಲ. ಆ ಪ್ರಮಾಣದಲ್ಲಿ ಟಿಸಿಎ ಆರೋಗ್ಯಕ್ಕೇನೂ ಮಾಡುವುದಿಲ್ಲ, ಸಂಜೆಯನ್ನಷ್ಟೇ ಹಾಳು ಮಾಡುತ್ತದೆ.

(ಕ್ಯಾಮೆರಾದ ಹಿಂದಿನಿಂದ: "ಎಂಟು ನಿಮಿಷವಾಯಿತು.")

ಆಯಿತು, ಆಯಿತು. ಉಳಿದದ್ದನ್ನು ಒಟ್ಟಿಗೆ ಕಟ್ಟುತ್ತೇನೆ.

ಮೂಗು ಹೇಳಿದರೂ ನಾನು "ಚೆನ್ನಾಗಿದೆ" ಎಂದದ್ದು ಏಕೆ? ಒಂದು, ಸಂಕೋಚ. ಮನೆಯಲ್ಲಿ ಅಮ್ಮ ಸೌಟಿನಿಂದ ಅಂಗೈಗೆ ಎರಡು ಹನಿ ಸಾರು ಹಾಕಿ "ಉಪ್ಪು ನೋಡು" ಎಂದರೆ, "ಉಪ್ಪು ಕಡಿಮೆ, ಹುಳಿ ಮುಂದಾಗಿದೆ" ಎಂದು ತಟ್ಟನೆ ಹೇಳುವ ನಾಲಗೆ ಇದು. ಬಿಳಿ ಮೇಜುಬಟ್ಟೆ ಕಂಡರೆ ಅದೇ ನಾಲಗೆ ಒಳಗೆ ಸರಿದುಕೊಳ್ಳುತ್ತದೆ. ಇನ್ನೊಂದು, ಬೆಲೆ. 2008ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಒಂದೇ ವೈನನ್ನು ಒಮ್ಮೆ 5 ಡಾಲರಿನದು, ಇನ್ನೊಮ್ಮೆ 45 ಡಾಲರಿನದು ಎಂದು ಹೇಳಿ ಕುಡಿಸಿದರು. ದುಬಾರಿ ಎಂದಾಗ ಹೆಚ್ಚು ಹಿಡಿಸಿತು ಎಂದು ಜನ ಹೇಳಿದ್ದಷ್ಟೇ ಅಲ್ಲ, ಸುಖವನ್ನು ಗುರುತಿಸುವ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಭಾರಿ ಹೋಟೆಲುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅಡುಗೆಗಿಂತ ಹೆಚ್ಚು ಬಡಿಸುವುದು ಈ ಧೈರ್ಯಗೇಡಿತನವನ್ನೇ. ಎಲ್ಲರೂ ಹಾಗಲ್ಲ. ಒಳ್ಳೆಯ ಸೊಮೆಲಿಯೇ ನಿಮ್ಮ ಮುಖದ ಗೊಂದಲ ಕಂಡು ತಾವೇ ಗ್ಲಾಸ್ ತೆಗೆದುಕೊಂಡು ಮೂಸುತ್ತಾರೆ, ಕೆಲವರು ನಿಮಗೆ ಕೊಡುವ ಮುನ್ನವೇ ಪರೀಕ್ಷಿಸಿರುತ್ತಾರೆ.

ಮಾಡಬೇಕಾದದ್ದು ಇಷ್ಟೇ. ಬಾಟಲಿ ತೋರಿಸಿದಾಗ ಹೆಸರು ಮತ್ತು ವರ್ಷ ನೀವು ಹೇಳಿದ್ದೇ ಹೌದೇ ಎಂದು ನೋಡಿ. ಬಿರಡೆಯನ್ನು ಮೇಜಿನ ಮೇಲೆ ಇಟ್ಟರೆ ಮೂಸಬೇಕಾಗಿಲ್ಲ, ಚೆನ್ನಾಗಿರುವ ಬಿರಡೆಗೂ ಒಂದಿಷ್ಟು ಮರದ ವಾಸನೆ ಇರುತ್ತದೆ. ಗ್ಲಾಸನ್ನು ಒಮ್ಮೆ ತಿರುಗಿಸಿ ಮೂಸಿ, ಬಹಳ ಸಲ ಕುಡಿಯುವ ಅಗತ್ಯವೂ ಬೀಳುವುದಿಲ್ಲ. ಮುಗ್ಗಲಿದ್ದರೆ ಟಿಸಿಎ. ವಿನೆಗರ್ ಹೊಡೆದರೆ, ಕತ್ತರಿಸಿಟ್ಟು ಕಂದಿದ ಸೇಬಿನಂತಿದ್ದರೆ ಗಾಳಿಯ ಕಾಟ. ಹಣ್ಣು ಬೇಯಿಸಿದಂತಿದ್ದರೆ, ಬಿರಡೆ ಮೇಲೆ ಉಬ್ಬಿಕೊಂಡಿದ್ದರೆ, ಬಿಸಿಲಿನಲ್ಲಿ ಲಾರಿಯಲ್ಲಿ ಬೆಂದು ಬಂದ ಬಾಟಲಿ ಇರಬಹುದು, ನಮ್ಮ ಹವೆಯಲ್ಲಿ ಅದು ಸಹಜ. ಅನುಮಾನವಿದ್ದರೆ "ನೀವೂ ಒಮ್ಮೆ ಮೂಸಿ ನೋಡುತ್ತೀರಾ?" ಎಂದು ಕೇಳಿ. ಈ ಒಂದು ವಾಕ್ಯ ನನಗೆ ಮೊದಲೇ ಗೊತ್ತಿದ್ದರೆ!

ಹಾಂ, ತಿರುಗಿಸಿ ತೆಗೆಯುವ ಲೋಹದ ಮುಚ್ಚಳ. ಅದನ್ನು ಕಂಡರೆ ಮೂಗು ಮುರಿಯಬೇಡಿ. ಬಿರಡೆಯ ಕಾಟದಿಂದ ಬೇಸತ್ತು 2000ದ ಸುಮಾರಿಗೆ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ವೈನ್ ತಯಾರಕರು ಒಟ್ಟಾಗಿ ಅದರತ್ತ ಹೊರಳಿದರು, ಮರುವರ್ಷ ನ್ಯೂಜಿಲೆಂಡಿನವರೂ ಕೈಜೋಡಿಸಿದರು. ಭಾರತದ ಎಷ್ಟೋ ಬಾಟಲಿಗಳಿಗೂ ಈಗ ಅದೇ. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳು, 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ, ಇವುಗಳ ಬಗ್ಗೆ ಹೇಳಬೇಕೆಂದು ಒಂದು ಪುಟ ಬರೆದುಕೊಂಡಿದ್ದೆ. ಸಮಯವಿಲ್ಲ ಎಂದು ಕೈಸನ್ನೆ ಬರುತ್ತಿದೆ. ಇನ್ನೊಂದು ವಿಡಿಯೋಗೆ ಇರಲಿ.

ಹೋದ ತಿಂಗಳು ತಂಗಿಯನ್ನು ಅದೇ ಹೋಟೆಲಿಗೆ ನಾನು ಕರೆದುಕೊಂಡು ಹೋದೆ, ಸಾಲ ತೀರಿಸಬೇಕಲ್ಲ. ಮತ್ತೆ ಎರಡು ಚಮಚ ಸುರಿದರು. ನಾನು ಅವಸರ ಮಾಡಲಿಲ್ಲ. ಒಮ್ಮೆ ಮೂಸಿದೆ, ಗ್ಲಾಸ್ ತಿರುಗಿಸಿ ಇನ್ನೊಮ್ಮೆ ಮೂಸಿದೆ. ಗೋಣಿಚೀಲವಿಲ್ಲ, ರಟ್ಟಿಲ್ಲ. ಒಂದು ಗುಟುಕು ಕುಡಿದು, "ಸರಿಯಿದೆ, ಸುರಿಯಿರಿ" ಎಂದೆ. ಅವರು ಅತ್ತ ಹೋದ ಮೇಲೆ ತಂಗಿ ಮುಂದೆ ಬಾಗಿ ಕೇಳಿದಳು: "ಅಣ್ಣಾ, ಈ ಸಲ ಹೇಗಿದೆ?"

"ನನಗೆ ಹಿಡಿಸಲಿಲ್ಲ ಕಣೇ," ಎಂದೆ. "ಆದರೆ ಕಾಯಿ ಕೊಳೆತಿಲ್ಲ."