ಅಂಗೈ ಮೇಲಿನ ಕಾರಿಗೆ ಬಣ್ಣ

ಕೇಳುಗ ಮಿತ್ರರಿಗೆ ನಮಸ್ಕಾರ.

1964ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಒಂದು ಪುಟ್ಟ ಕಾರು, ಮಿನಿ ಕೂಪರ್ ಎಸ್. ಓಡಿಸಿದವರು ಪ್ಯಾಡಿ ಹಾಪ್‌ಕರ್ಕ್. ಪಕ್ಕದಲ್ಲಿ ಕೂತು ದಾರಿ ಹೇಳಿದವರು ಹೆನ್ರಿ ಲಿಡನ್. ಕೆಂಪು ಮೈ, ಬಿಳಿ ಟಾಪ್, ಬಾಗಿಲ ಮೇಲೆ 37. ಮೂರು ಮೀಟರ್ ಚಿಲ್ಲರೆ ಉದ್ದದ ಆ ಕಾರು 1:24 ಅಳತೆಗೆ, ಅಂದರೆ 24ನೇ ಒಂದು ಭಾಗಕ್ಕೆ ಇಳಿದರೆ ಸುಮಾರು 13 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ.

ಬಿಡಿ ಭಾಗಗಳ ಪ್ಲಾಸ್ಟಿಕ್ ಕಿಟ್ ಜೋಡಿಸಿ ಇಂಥ ಪುಟ್ಟ ಕಾರು ಮಾಡಲು ಹೊಸದಾಗಿ ಶುರು ಮಾಡಿದವರು ಯಾವ ಕಾರು ತಗೊಳ್ಳಲಿ ಅಂತ ಕೇಳಿದರೆ, ನಾನು ಈ ಮಿನಿಯನ್ನೇ ಹೇಳುತ್ತೇನೆ. ಎರಡು ಬಣ್ಣ ಇದೆ, ಬಾಗಿಲಿಗೆ ನಂಬರ್ ಅಂಟಿಸುವುದಿದೆ. ಕಲಿಯಬೇಕಾದದ್ದೆಲ್ಲ ಇದೊಂದರಲ್ಲೇ ಸಿಗುತ್ತದೆ.

ಬಣ್ಣದ ಡಬ್ಬಿ ಮುಟ್ಟುವ ಮೊದಲು ಕಾರಿಗೆ ಸ್ನಾನ ಮಾಡಿಸಿ. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಬಳಸುವ ಎಣ್ಣೆಯಂಥ ಪದಾರ್ಥ ಪ್ಲಾಸ್ಟಿಕ್ ಮೇಲೆ ಉಳಿದಿರಬಹುದು. ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್ ಸಾಕು. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿಕೊಳ್ಳುತ್ತದೆ. ಅಚ್ಚಿನ ಗೆರೆಗಳು ಕಂಡರೆ 1000 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಬಣ್ಣ ಹೊಡೆದರೆ ಮುಚ್ಚಿಹೋಗುತ್ತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹೊಳೆಯುವ ಬಣ್ಣ ಏನನ್ನೂ ಮುಚ್ಚುವುದಿಲ್ಲ, ಇದ್ದದ್ದನ್ನು ಇನ್ನೂ ಎತ್ತಿ ತೋರಿಸುತ್ತದೆ.

ಆಮೇಲೆ ಪ್ರೈಮರ್, ಅಂದರೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಮೊದಲು ಹೊಡೆಯುವ ತಳದ ಕೋಟ್. ಅದೂ ಬಿಳಿಯದು. ಬೂದು ಪ್ರೈಮರ್ ಮೇಲೆ ಕೆಂಪು ಮಂಕಾಗುತ್ತದೆ.

ಟಾಪ್ ಮೊದಲೋ, ಮೈ ಮೊದಲೋ? ಬಿಳಿ ಟಾಪೇ ಮೊದಲು. ಕೆಂಪಿನ ಮೇಲೆ ಬಿಳಿ ಹೊಡೆದರೆ ಕೋಟ್ ಮೇಲೆ ಕೋಟ್ ಹಾಕಿದರೂ ಗುಲಾಬಿ ಛಾಯೆ ಇಣುಕುತ್ತದೆ. ಬಿಳಿ ಚೆನ್ನಾಗಿ ಒಣಗಲಿ. ನಂತರ ಟಾಪಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಕೆಂಪು ಹೊಡೆಯುವ ಮುಂಚೆ ಟೇಪಿನ ಅಂಚಿಗೆ ಇನ್ನೊಮ್ಮೆ ತೆಳುವಾಗಿ ಬಿಳಿಯನ್ನೇ ಹೊಡೆಯಿರಿ. ಟೇಪಿನ ಕೆಳಗೆ ಎಲ್ಲಾದರೂ ಸಂದು ಉಳಿದಿದ್ದರೆ ಅದರೊಳಗೆ ಬಿಳಿಯೇ ಹೋಗಿ ತುಂಬುತ್ತದೆ. ಕೆಂಪಿಗೆ ನುಗ್ಗಲು ಜಾಗ ಇರುವುದಿಲ್ಲ. ಟೇಪ್ ಬಿಚ್ಚಿದಾಗ ಗೆರೆ ಬ್ಲೇಡಿನಲ್ಲಿ ಕೊಯ್ದಂತೆ ನೇರ ಇರುತ್ತದೆ.

ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಣ್ಣ ನಯವಾಗಿ ಬರುತ್ತದೆ. ಕುದಿಯುವ ನೀರು, ಒಲೆ, ಯಾವುದೂ ಬೇಡ, ಡಬ್ಬಿ ಸಿಡಿದೀತು. ಗಾಳಿಯಾಡುವ ಕಡೆ ನಿಲ್ಲಿ, ಮಾಸ್ಕ್ ಹಾಕಿಕೊಳ್ಳಿ. ಸುಮಾರು 20 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಕಾರಿನ ಆಚೆ ಶುರು ಮಾಡಿ, ಕಾರು ದಾಟಿದ ಮೇಲೆ ನಿಲ್ಲಿಸಿ. ಮೊದಲ ಕೋಟ್ ಬರೀ ಮಂಜಿನಂತೆ ಇರಲಿ, ಕೆಳಗಿನ ಬಿಳಿ ಕಾಣುತ್ತಿರಲಿ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಣ್ಣ ಬಾಗಿಲ ಕೆಳಗೆ ಕಣ್ಣೀರಿನಂತೆ ಇಳಿಯುತ್ತದೆ.

ಮಳೆ ಬರುವ ದಿನ ಲ್ಯಾಕರ್, ಅಂದರೆ ಥಿನ್ನರ್ ಇರುವ, ಬೇಗ ಒಣಗುವ ಬಣ್ಣದ ಸ್ಪ್ರೇ ಬೇಡವೇ ಬೇಡ. ನನ್ನ ಮೊದಲ ಕಾರನ್ನು ಆಗಸ್ಟ್ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ ಸುರಿಯುತ್ತಿದ್ದಾಗ ಬಾಲ್ಕನಿಯಲ್ಲಿ ಹೊಡೆದೆ. ಕಡು ನೀಲಿ ಬಣ್ಣ. ಹತ್ತು ನಿಮಿಷದಲ್ಲಿ ಅದರ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ ಕಟ್ಟಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಆಗ ಇದು ಗೊತ್ತಿರಲಿಲ್ಲ. ಎರಡು ವಾರದ ಕೆಲಸ ಅದು, ತುಂಬಾ ನೊಂದುಕೊಂಡೆ.

ಬಣ್ಣ ಪೂರ್ತಿ ಒಣಗಿದೆಯಾ ಅಂತ ತಿಳಿಯಲು ಕಾರನ್ನು ಮೂಗಿನ ಹತ್ತಿರ ತನ್ನಿ. ವಾಸನೆ ಇನ್ನೂ ಬರುತ್ತಿದ್ದರೆ ಒಣಗಿಲ್ಲ, ಕಾಯಿರಿ.

ಈಗ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ. ಇದು ಹೊಳೆಯುವ ಮೈ ಮೇಲೆ ಮಾತ್ರ ಸರಿಯಾಗಿ ಕೂರುತ್ತದೆ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ ಕಣ್ಣಿಗೆ ಸಮತಟ್ಟು ಕಂಡರೂ ಒರಟಾಗಿರುತ್ತದೆ. ಆ ಒರಟಿನ ಸಂದಿನಲ್ಲಿ ಗಾಳಿ ಸಿಕ್ಕಿಕೊಂಡು ಚಿತ್ರದ ಸುತ್ತ ಬೆಳ್ಳಿಯಂಥ ಮಸುಕು ಕಾಣುತ್ತದೆ.

37ನ್ನು ಹಾಳೆಯಿಂದ ಅಂಚಿಗೆ ಹತ್ತಿರವಾಗಿ ಕತ್ತರಿಸಿ. ಚಿಮಟದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ. ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ಬೆರಳಿನಿಂದ ತಳ್ಳಿ ನೋಡಿ, ಕಾಗದದ ಮೇಲೆ ಸುಲಭವಾಗಿ ಜಾರಿದರೆ ಸಿದ್ಧ. ಬಾಗಿಲ ಮೇಲೆ ಒಂದು ಹನಿ ನೀರು ಹಾಕಿ, ಕಾಗದವನ್ನು ಅಲ್ಲೇ ಆನಿಸಿ, ಒದ್ದೆ ಬ್ರಷ್‌ನಿಂದ ಚಿತ್ರವನ್ನು ಬಾಗಿಲಿಗೆ ಜಾರಿಸಿ. ಎತ್ತಿ ಅಂಟಿಸಲು ಹೋದರೆ ಮಡಚಿಕೊಳ್ಳುತ್ತದೆ. ನೀರಿರುವಷ್ಟು ಹೊತ್ತು ಆಚೀಚೆ ಸರಿಸಬಹುದು, ಗಾಬರಿ ಬೇಡ. ಸರಿಯಾಗಿ ಕೂತ ಮೇಲೆ ನಡುವಿನಿಂದ ಹೊರಕ್ಕೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ.

ಉಬ್ಬಿನ ಮೇಲೆ, ಬಾಗಿಲ ಸಂದಿನ ಮೇಲೆ ಡೆಕಾಲ್ ಹಾದುಹೋದರೆ ಅದನ್ನು ಮೆತ್ತಗೆ ಮಾಡುವ ದ್ರವ ಬೇಕು. ಮೈಕ್ರೋ ಸೋಲ್ ಅಂತ ಸಿಗುತ್ತದೆ. ಬ್ರಷ್‌ನಿಂದ ಸವರಿದ ಸ್ವಲ್ಪ ಹೊತ್ತಿಗೆ 37 ಪೂರ್ತಿ ಸುಕ್ಕುಗಟ್ಟುತ್ತದೆ. ಎಲ್ಲ ಹಾಳಾಯಿತು ಅನಿಸುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ. ದಯವಿಟ್ಟು ಮುಟ್ಟಬೇಡಿ! ಆಗ ಅದು ಹಾಲಿನ ಕೆನೆಯಷ್ಟು ಮೆತ್ತಗಿರುತ್ತದೆ, ಮುಟ್ಟಿದರೆ ಹರಿಯಿತು. ಬಿಟ್ಟುಬಿಡಿ, ಒಣಗುತ್ತಾ ಸುಕ್ಕು ಬಿಚ್ಚಿಕೊಂಡು ಸಂದಿನೊಳಗೂ ಇಳಿದು, ಬಣ್ಣ ಬಳಿದು ಬರೆದಂತೆ ಕೂರುತ್ತದೆ.

ಹಳೆಯ ಕಿಟ್ ಆಗಿದ್ದರೆ ಡೆಕಾಲ್ ನೀರಲ್ಲಿ ಚೂರುಚೂರಾಗಬಹುದು. ಹಾಳೆಯಲ್ಲಿ ನಿಮಗೆ ಬೇಡದ್ದೊಂದನ್ನು ಮೊದಲು ಅದ್ದಿ ನೋಡಿ. ಹಳದಿ ತಿರುಗಿದ್ದರೆ ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಡಿ, ಹಳದಿ ಕಡಿಮೆಯಾಗುತ್ತದೆ.

ಒಂದು ರಾತ್ರಿ ಕಳೆದ ಮೇಲೆ ಕ್ಲಿಯರ್ ಕೋಟ್, ಅಂದರೆ ಎಲ್ಲದರ ಮೇಲೆ ಹೊಡೆಯುವ ಬಣ್ಣವಿಲ್ಲದ ಪಾರದರ್ಶಕ ಪದರ. ಇಲ್ಲೂ ಮೊದಲೆರಡು ಸಲ ಮಂಜಿನಷ್ಟೇ. ಲ್ಯಾಕರ್ ಕ್ಲಿಯರ್ ಒಮ್ಮೆಲೇ ಒದ್ದೆಯಾಗಿ ಬಿದ್ದರೆ ಡೆಕಾಲನ್ನೇ ಕರಗಿಸಬಹುದು. ಮೂರನೆಯದು ಸ್ವಲ್ಪ ತುಂಬಿ ಬರಲಿ. ಹೊಡೆದ ತಕ್ಷಣ ಧೂಳು ಕೂರದಂತೆ ಒಂದು ಡಬ್ಬ ಮುಚ್ಚಿ. ಮರುದಿನ ಬೆಳಿಗ್ಗೆ ಡಬ್ಬ ತೆಗೆದು ಕಾರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. 37ರ ಅಂಚು ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಅಂತ ಹುಡುಕಿ ನೋಡಿ.

ನಮಸ್ಕಾರ.