ಚುಚ್ಚುವ ಉಣ್ಣೆ

ಪುಣೆಯ ತುಳಶೀಬಾಗ್ ಗಲ್ಲಿಗೆ ಹೋಗಿ "ಲೋಕರ್ ಕೊಡಿ" ಅಂತ ಕೇಳಿ. ಮರಾಠಿಯಲ್ಲಿ ಲೋಕರ್ ಅಂದರೆ ಉಣ್ಣೆ. ಅಂಗಡಿಯವರು ಬಣ್ಣಬಣ್ಣದ ಉಂಡೆಗಳನ್ನು ನಿಮ್ಮ ಮುಂದೆ ಸುರಿಯುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಯಾವ ಕುರಿಯ ಮೈಮೇಲೂ ಬೆಳೆದದ್ದಲ್ಲ. ಅಕ್ರಿಲಿಕ್ ಅದು, ಪೆಟ್ರೋಲಿಯಂ ಎಣ್ಣೆಯ ಮೊಮ್ಮಗು. ಅನುಮಾನ ಇದ್ದರೆ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆಂಕಿ ದೂರ ಸರಿದ ಕೂಡಲೇ ತಾನಾಗಿ ಆರುತ್ತದೆ. ಅಂಗಡಿಯೊಳಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ, ಓಡಿಸುತ್ತಾರೆ.

ಇವತ್ತಿನ ಜಗಳ ಅಕ್ರಿಲಿಕ್ ಜೊತೆ ಅಲ್ಲ. ಹಾಲು ಕಕ್ಕುವ ಮಗುವಿಗೆ ಸ್ವೆಟರ್ ಹೆಣೆಯುವಾಗ ನಾನೂ ಅದನ್ನೇ ತರುತ್ತೇನೆ. ದಿನಾ ಒಗೆಯಬಹುದು, ಪುಣೆಯ ಮಳೆಗಾಲದಲ್ಲೂ ಬೇಗ ಒಣಗುತ್ತದೆ. ನನ್ನ ಜಗಳ ನಮ್ಮಂಥವರ ಜೊತೆ. ಅಕ್ರಿಲಿಕ್ ದಾಟಿ "ನಿಜವಾದ ಉಣ್ಣೆ" ಹುಡುಕಿ ಹೊರಟವರ ಜೊತೆ. ನಾವು ನೂಲು ಕೈಗೆ ಬಂದ ಕೂಡಲೇ ಏನು ಮಾಡುತ್ತೇವೆ ಹೇಳಿ? ಕೆನ್ನೆಗೆ ಒತ್ತಿ ನೋಡುತ್ತೇವೆ. ಮೆತ್ತಗಿದ್ದರೆ ಪಾಸು, ಚುಚ್ಚಿದರೆ ಫೇಲು. ಹೀಗೆ ನೋಡಿ ನೋಡಿ ಕೊನೆಗೆ ಉಳಿಯುವುದು ಮೆರಿನೊ ಕುರಿಯ ಮೆತ್ತನೆ ಉಣ್ಣೆ ಒಂದೇ. ನನ್ನ ಟ್ರಂಕಿನಲ್ಲೂ ಇದೆ, ಸುಳ್ಳು ಹೇಳುವುದಿಲ್ಲ. ಗಂಡನಿಗೆ ಅದರ ಬೆಲೆ ಇವತ್ತಿಗೂ ಗೊತ್ತಿಲ್ಲ. ಈ ವಿಡಿಯೊ ಅವರು ನೋಡಲ್ಲ ಬಿಡಿ.

ಹೋದ ವರ್ಷ ಸಾಸವಡ ಕಡೆ ಹೋಗಿದ್ದಾಗ ಒಂದು ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ಹಿಂಡು ನಿಲ್ಲಿಸಿದ್ದರು. ಫಲಟಣ ಕಡೆಯ, ಕುರಿ ಕಾಯುವ ಧನಗರ ಕುಟುಂಬ. ದಖ್ಖನಿ ಕುರಿಗಳು, ಹೆಚ್ಚಿನವು ಕರಿ. ನಾನು ನನ್ನ ಹರಕು ಮರಾಠಿಯಲ್ಲಿ ಮಾತು ಶುರು ಮಾಡಿದೆ. ಒಲೆ ಮುಂದೆ ಕೂತಿದ್ದ ಹೆಂಗಸು ನನ್ನ ಉಚ್ಚಾರ ಕೇಳಿ ನಕ್ಕು, ನೇರ ಕನ್ನಡಕ್ಕೇ ಬಂದುಬಿಟ್ಟಳು. ಅವಳ ತವರು ಸಾಂಗಲಿ ಜಿಲ್ಲೆಯ ಜತ್ತ. ಬದಿಯಲ್ಲಿ ಕತ್ತರಿಸಿದ ಉಣ್ಣೆ ಒಂದು ಗುಡ್ಡೆ ಬಿದ್ದಿತ್ತು. ಇದನ್ನೇನು ಮಾಡ್ತೀರಿ ಅಂದೆ.

"ಏನ್ ಮಾಡೂದ್ರಿ ಅಕ್ಕಾರ, ಕತ್ತರಸವ್ರ ಕೂಲಿನೂ ಹುಟ್ಟೂದಿಲ್ಲ. ಬೇಕಂದ್ರ ತಗೊಂಡ್ ಹೋಗ್ರಿ."

ಆಮೇಲೆ ತವರಿನ ಸುದ್ದಿ ಹೇಳಿದಳು. ಅಲ್ಲಿ ಈಗ ಎಲ್ಲರೂ ಮಾಡಗ್ಯಾಳ ಕುರಿ ಸಾಕುತ್ತಾರಂತೆ. ಎತ್ತರದ್ದು, ಬಿಳಿ ಮೈಮೇಲೆ ಕಂದು ಮಚ್ಚೆ, ಗಿಳಿಮೂಗು. ಮಾಂಸಕ್ಕೆ ಒಳ್ಳೆ ರೇಟು. ಮೈಮೇಲೆ ಉಣ್ಣೆ ಇಲ್ಲವೆನ್ನುವಷ್ಟು ಕಡಿಮೆ. "ಉಣ್ಣೇನೂ ಇಲ್ಲ, ತ್ರಾಸೂ ಇಲ್ಲ" ಅಂದಳು. ಅವಳ ಲೆಕ್ಕ ಸರಿಯಾಗಿಯೇ ಇದೆ. ವರ್ಷಕ್ಕೆ ಎರಡು ಸಲ ದುಡ್ಡು ಕೊಟ್ಟು ಕತ್ತರಿಸಿ, ಆಮೇಲೆ ಎಸೆಯುವುದಾದರೆ ಅಂಥ ಕುರಿ ಯಾಕೆ ಬೇಕು?

ನಾನು ಎರಡು ಗೋಣಿಚೀಲ ತುಂಬಿಕೊಂಡು ಬಂದೆ. ನಿಜವಾದ ಕಥೆ ಶುರುವಾಗಿದ್ದು ಮನೆಗೆ ಬಂದ ಮೇಲೆ. ಮೊದಲು ಕಸ ಆರಿಸಬೇಕು. ಹಿಕ್ಕೆ, ಮಣ್ಣು, ಉತ್ತರಾಣಿ ಕಾಯಿ. ಉತ್ತರಾಣಿ ನಿಮ್ಮ ಸೀರೆ ಅಂಚಿಗೆ ಎಷ್ಟು ಅಂಟುತ್ತದೋ ಕುರಿಗೆ ಅದರ ಹತ್ತರಷ್ಟು. ಆಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಮುಳುಗಿಸಿ ಸುಮ್ನೆ ಬಿಡಬೇಕು. ಉಜ್ಜಬಾರದು, ಕಲಕಬಾರದು, ಬಿಸಿಯಿಂದ ತೆಗೆದು ತಟ್ಟನೆ ತಣ್ಣೀರಿಗೆ ಹಾಕಬಾರದು. ಉಣ್ಣೆಯ ಎಳೆಗೆ ಮೀನಿನ ಹಾಗೆ ಸಣ್ಣ ಸಣ್ಣ ಚಿಪ್ಪುಗಳು ಇರುತ್ತವೆ. ಉಜ್ಜಿದರೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಕಂಬಳಿಯ ತುಂಡಾಗಿ ಹೋಗುತ್ತದೆ. ನನ್ನ ಮೊದಲ ಬಕೆಟ್ಟು ಹಾಗೇ ಹೋಯಿತು. ಬಾಲ್ಕನಿ ಮೂರು ದಿನ ಕುರಿ ಹಟ್ಟಿಯಾಗಿತ್ತು. ಕೆಳಗಿನ ಮನೆ ಕಾಕು ಬಂದು "ಏನಾದರೂ ಸತ್ತಿದೆಯಾ?" ಅಂತ ಕೇಳಿ ಹೋದರು. ಒಣಗಿದ ಮೇಲೆ ಬಾಚುವ ಕೆಲಸ. ಅದಕ್ಕೆ ನಾಯಿಗೆ ಬಳಸುವ ತಂತಿ ಬ್ರಷ್ ಎರಡು ಸಾಕು, ವಿದೇಶಿ ಸಾಮಾನು ತರಿಸಬೇಡಿ.

ಮೊದಲು ಪೆಟ್ಟಿಗೆ ಚರಕದಲ್ಲಿ ನೂತೆ. ಗಾಂಧೀಜಿ ಇಲ್ಲೇ ಯೆರವಡಾ ಜೈಲಿನಲ್ಲಿದ್ದಾಗ ರೂಪುಗೊಂಡದ್ದು, ಅದಕ್ಕೇ ಯೆರವಡಾ ಚರಕ ಅನ್ನುತ್ತಾರೆ. ಮಡಚಿದರೆ ದಪ್ಪ ಪುಸ್ತಕದ ಹಾಗೆ ಕಾಣುತ್ತದೆ. ದೊಡ್ಡ ಚಕ್ರ ಚಿಕ್ಕ ಚಕ್ರವನ್ನು, ಚಿಕ್ಕದು ಕದಿರನ್ನು, ಅಂದರೆ ನೂಲಿಗೆ ಹುರಿ ಕೊಡುವ ಕಡ್ಡಿಯನ್ನು, ಓಡಿಸುತ್ತದೆ. ಕೈ ಒಂದು ಸುತ್ತು ಹೊಡೆದರೆ ಕದಿರು ಹತ್ತಾರು ಸುತ್ತು. ಹತ್ತಿಯ ಎಳೆ ಗಿಡ್ಡ, ಅದಕ್ಕೆ ಅಷ್ಟು ಹುರಿ ಬೇಕೇ ಬೇಕು. ಆದರೆ ಉಣ್ಣೆಗೆ ಅದೇ ವೇಗ ಕೊಟ್ಟೆ, ತಂತಿ ಬಂತು! ಪಾತ್ರೆ ತಿಕ್ಕಬಹುದಿತ್ತು. ಆಮೇಲೆ ಚರಕ ಬದಿಗಿಟ್ಟು ಕೈಕದಿರು ಹಿಡಿದೆ, ಕುರಿ ಹಿಂದೆ ನಡೆಯುತ್ತಲೇ ತಿರುಗಿಸುತ್ತಾರಲ್ಲ, ಅಂಥದ್ದು. ನಿಧಾನ. ಆದರೆ ನೂಲು ಉಬ್ಬಿಕೊಂಡು, ಹಗುರಾಗಿ ಬಂತು.

ಚುಚ್ಚುತ್ತದಾ? ಚುಚ್ಚುತ್ತದೆ. ಅದರ ಕಾರಣವೂ ಸರಳ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೆರಿನೊ ಎಳೆಯ ದಪ್ಪ 24 ಮೈಕ್ರಾನ್‌ಗಿಂತ ಕಡಿಮೆ. ಅದರ ತುದಿ ಚರ್ಮಕ್ಕೆ ತಾಗಿದರೆ ಬಾಗುತ್ತದೆ. ಸುಮಾರು 30 ಮೈಕ್ರಾನ್ ದಾಟಿದ ಎಳೆ ಬಾಗುವುದಿಲ್ಲ, ಕುಟುಕುತ್ತದೆ. ದಖ್ಖನಿಯಲ್ಲಿ ಅಂಥ ಎಳೆಗಳೇ ಜಾಸ್ತಿ. ನಮ್ಮ ಕಡೆ ಒಂದು ಮಾತಿದೆಯಲ್ಲ, ಕಂಬಳಿಯಲ್ಲಿ ಕೂತು ಉಣ್ಣುವವನು ಕೂದಲು ಬಂತು ಅಂದನಂತೆ. ನಾವೂ ಹಾಗೇ. ಕುತ್ತಿಗೆಗೆ ಸುತ್ತಬಾರದ ಉಣ್ಣೆಯನ್ನು ಕುತ್ತಿಗೆಗೆ ಸುತ್ತಿ ದೂರುತ್ತಿದ್ದೇವೆ.

ನಮ್ಮೂರು ರಾಣೆಬೆನ್ನೂರು ಕಡೆ. ನಮ್ಮ ಅಜ್ಜ ಮೇಡ್ಲೇರಿ ಕಂಬಳಿ ಒಂದನ್ನೇ ಹಾಸುತ್ತಿದ್ದ, ಹೊದೆಯುತ್ತಿದ್ದ, ಮಳೆ ಬಂದರೆ ಕೊಪ್ಪೆ ಹಾಕಿಕೊಳ್ಳುತ್ತಿದ್ದ. ನೇಯುವಾಗ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹೊಸದು ತಗಡಿನ ಹಾಗಿರುತ್ತದೆ, ವರ್ಷಗಟ್ಟಲೆ ಬಳಸಿದ ಮೇಲೆ ಮಣಿಯುತ್ತದೆ. ಮೆತ್ತಗಿದೆಯಾ ಅಂತ ಅಜ್ಜ ಯಾವತ್ತೂ ಕೇಳಲಿಲ್ಲ. ನೀರು ತಡೆಯುತ್ತದಾ, ಎಷ್ಟು ವರ್ಷ ಬರುತ್ತದೆ, ಅಷ್ಟೇ.

ಮಾರುಕಟ್ಟೆ ಕೇಳದಿದ್ದರೆ ಇದನ್ನು ಯಾರು ಮುಟ್ಟಬೇಕು? 12ನೇ ಶತಮಾನದ ವಚನಕಾರ್ತಿ ಕದಿರ ರೆಮ್ಮವ್ವೆಯ ಹೆಸರಿನಲ್ಲೇ ಕದಿರು ಇದೆ. ನೂಲುವುದು ಆಕೆಯ ಕಾಯಕ, ಹೊಟ್ಟೆಪಾಡು. ನೇಕಾರರಿಗೂ ಅಷ್ಟೇ, ಮಾರಾಟವಾಗದ್ದನ್ನು ಮಾಡುವ ಸೌಕರ್ಯ ಅವರಿಗಿಲ್ಲ. ನನಗಿದೆ. ನನ್ನ ನೂಲು ಯಾರೂ ಕೊಳ್ಳದಿದ್ದರೂ ರಾತ್ರಿ ಅನ್ನ ಇರುತ್ತದೆ. ಒಂದು ಉಂಡೆಗೆ ನಾಲ್ಕು ಸಂಜೆ ಹೋದರೆ ಹೋಗಲಿ. ಇಂಥ ಪುರುಸೊತ್ತು ಇರುವ ನಾವೇ ಮೆರಿನೊ ಹಿಂದೆ ಓಡಿದರೆ ಹೇಗೆ, ಅಲ್ವಾ? ನಾಲ್ಕು ಹವ್ಯಾಸಿಗಳು ಎರಡು ಚೀಲ ತಂದರೆ ದಖ್ಖನಿ ಕುರಿ ಉಳಿಯುತ್ತದೆ ಅಂತ ನಾನೇನೂ ಹೇಳುತ್ತಿಲ್ಲ. ಅಷ್ಟು ಪೆದ್ದಿ ಅಲ್ಲ. ಆದರೆ ಈ ಉಣ್ಣೆಯಿಂದ ಏನೇನು ಆಗುತ್ತದೆ ಅಂತ ಹುಡುಕುವ ಕೆಲಸವಾದರೂ ನಮ್ಮದಲ್ಲವಾ?

ನಾನು ಹುಡುಕಿದ್ದು ಇಷ್ಟು. ಎರಡೆಳೆ ಹುರಿ ಹಾಕಿ, ದಪ್ಪ ಕಡ್ಡಿಯಲ್ಲಿ ಬರೀ ಸುಲಟ್, ಅಂದರೆ ಸೀದಾ ಹೆಣಿಗೆ, ಹೆಣೆದರೆ ಒಳ್ಳೆ ಚೀಲ ಆಗುತ್ತದೆ, ತರಕಾರಿ ಭಾರಕ್ಕೂ ಜೋಲುವುದಿಲ್ಲ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಆಯಿತು. ಸ್ವೆಟರ್ ಹೆಣೆದು ಒಳಗೆ ಹಳೇ ಕಾಟನ್ ಸೀರೆಯ ಅಸ್ತರ್ ಕೊಟ್ಟೆ, ಡಿಸೆಂಬರ್ ಬೆಳಗಿನ ವಾಕಿಂಗಿಗೆ ಅದೇ. ಅತ್ತೆಗೆ ಪೂಜೆಗೆ ಕೂರುವ ಆಸನ ಮಾಡಿಕೊಟ್ಟೆ. ಮೊದಲ ದಿನ "ಇದೇನೇ, ಮುಳ್ಳು" ಅಂದರು. ಈಗ ಅದರ ಮೇಲೆ ಮೊಮ್ಮಕ್ಕಳನ್ನೂ ಕೂರಗೊಡುವುದಿಲ್ಲ.

ಆ ಕುಟುಂಬ ದೀಪಾವಳಿ ಹೊತ್ತಿಗೆ ಹಿಂಡು ಹೊಡೆದುಕೊಂಡು ಕೊಂಕಣಕ್ಕೆ ಇಳಿಯುತ್ತದೆ. ಅದಕ್ಕೆ ಮುಂಚೆ ನಾನೊಂದು ಸಲ ಹೋಗಿ ಬರಬೇಕು. ಈ ಸಲ ಉಣ್ಣೆಗೆ ದುಡ್ಡು ಕೊಟ್ಟೇ ತರುತ್ತೇನೆ. ಕಾರಿನಲ್ಲಿ ಮೂರು ಸೀಟು ಖಾಲಿ ಇದೆ, ಬರುವವರು ತಮ್ಮ ಚೀಲ ತಾವೇ ತನ್ನಿ. ಕಾರು ಇನ್ನೂ ಹೋದ ವರ್ಷದ ವಾಸನೆಯಲ್ಲೇ ಇದೆ, ಮೊದಲೇ ಹೇಳಿದ್ದೇನೆ.